ಹೆಂಚಿನ ಮೇಲಿನ ಮೂರು ಸೆಲ್ಲು

ಆ ಮೂರು ಸೆಲ್ಲಿನ ಸಂಕಟ ನನಗಿನ್ನೂ ಇಳಿದಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿ, ದಸರಾ ರಜ. ಗಾವಡಗೆರೆಯ ನಮ್ಮ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿಗೂಡಿನಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಬಿಸಿ ಹೆಚ್ಚಾದರೆ ಸೊಪ್ಪು ಕಪ್ಪು, ವರ್ಷದ ಬೆಳೆ ಮಣ್ಣು. ಒಳಗೆ ಹಗಲಲ್ಲೂ ಕತ್ತಲು. ಥರ್ಮಾಮೀಟರು ನೋಡಲು ಕಿಂಡಿಯಿಂದ ಟಾರ್ಚು ಬಿಡಬೇಕು. ಸೆಲ್ಲು ಸೊರಗಿದ್ದವೆಂದು ಹೆಂಚಿನ ಮೇಲೆ ಬಿಸಿಲಿಗಿಟ್ಟಿದ್ದೆ. ಮೈಸೂರಲ್ಲಿ ಕೆಮಿಸ್ಟ್ರಿ ಓದುವ ಅಕ್ಕನ ಮಗಳು ಸುಧಾ ಅವನ್ನೇ ಸುತ್ತಿಗೆಯಲ್ಲಿ ಒಡೆದು ಕೂತಿದ್ದಳು.

ಸುಧಾ: ಸತ್ತೋಗಿರೋ ಸೆಲ್ಲು ಅಂದ್ಕೊಂಡೆ ಮಾವ.

ನಾನು: ಸತ್ತೋಗಿರೋರ್ನ ಯಾರಾದ್ರೂ ಬಿಸ್ಲು ಕಾಯ್ಸಕ್ಕೆ ಮಲಗಿಸ್ತಾರೇನವ್ವ? ಇನ್ನೂ ನಾಕು ದಿನ ಜೀವ ಇತ್ತು ಕಣ ಅವಕ್ಕೆ.

ಸುಧಾ: ಒಳಗಿನ ಇದ್ದಲು ಕಡ್ಡಿ ಬೇಕಿತ್ತು. ಪ್ರಯೋಗಕ್ಕೆ.

ನಾನು: ಇದ್ಲು ಒಲೇಲಿ ಇರ್ನಿಲ್ವಾ?

ಸುಧಾ: ಅದ್ರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ. ಈ ಕಡ್ಡೀನ ಉಪ್ಪಲ್ಲಿ ಅದ್ದಿ, ಆಮ್ಲಜನಕ ಬಿಟ್ಟು, ಕರೆಂಟ್ ಕೊಡ್ತೀವಿ. ಎಣ್ಣೆ ಥರ ಇರೋ ಉಪ್ಪು. ಒಂದು ತೊಟ್ಟೂ ನೀರಿರಲ್ಲ.

ನಾನು: (ಹೆಂಡತಿಗೆ) ಕೇಳ್ದಾ? ನೀರಿಲ್ದೆ ಕರಗಿರೋ ಉಪ್ಪಂತೆ.

ಚಿಕ್ಕಬೀರಮ್ಮ: (ಅಕ್ಕಿ ಆರಿಸುತ್ತಲೇ) ನೀವೀಗ ಒಲೆ ಇಲ್ದೆ ಕುದೀತಾ ಇಲ್ವಾ, ಅಂಗೇ.

ನಾನು: ನೀರಿದ್ರೆ ಏನಾಯ್ತದೆ?

ಸುಧಾ: ಒಣಗಿದ್ರೆ ಆಮ್ಲಜನಕ ಕಡ್ಡಿಯಿಂದ ಒಂದೇ ಎಲೆಕ್ಟ್ರಾನ್ ಇಸ್ಕೊಂಡು ಸುಮ್ನಿರುತ್ತೆ. ಕರೆಂಟಿನ ಕಾಳು ಅಂದ್ಕೊಳ್ಳಿ. ತೇವ ಸೇರ್ತೋ, ಇನ್ನೊಂದು ಕೊಡು ಅನ್ನುತ್ತೆ.

ನಾನು: ನಿಮ್ಮಪ್ಪನ್ನ ಕಂಡಂಗಾಯ್ತು ಬುಡು. ಭಾವನೂ ಒಂದು ಗುಟುಕು ಒಳಕ್ಕೋಗಗಂಟ ಸುಮ್ನೇ ಇರ್ತಾರೆ.

ಸುಧಾ: ಕಡ್ಡಿ ಒಣಗಿಸ್ಬೇಕು ಮಾವ. ಬ್ಯಾರನ್ ಒಳಗೆ ಇಡ್ಲಾ? ಎಷ್ಟು ಬಿಸಿ ಇದೆ?

ನಾನು: ಎಷ್ಟಿದೆ ಅಂತ ನೋಡೋ ಸೆಲ್ಲೇ ಅಲ್ವೇನವ್ವ ನೀನು ಒಡ್ದಿರೋದು.

ಸುಧಾ ಎದ್ದಳು. ಗೋಡೆಯ ಮೊಳೆಯಿಂದ ನನ್ನ ಗಡ್ಡದ ಕನ್ನಡಿ ತೆಗೆದು, ಅಂಗಳದಲ್ಲಿ ನಿಂತು ಕಿಂಡಿಯೊಳಕ್ಕೆ ಬಿಸಿಲು ತಿರುಗಿಸಿ ಇಣುಕಿದಳು.

ಸುಧಾ: ನೂರ ಎಪ್ಪತ್ತೆಂಟು ಮಾವ.

ನೂರ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಓಡಿಹೋಗಿ ಒಲೆಯಿಂದ ಸೌದೆ ಎಳೆದು ಹಾಕಿದೆ. ಸೊಪ್ಪು ಉಳಿಯಿತು.

ಚಿಕ್ಕಬೀರಮ್ಮ: ಇಪ್ಪತ್ತು ವರ್ಸದಿಂದ ಅದೇ ಕನ್ನಡೀಲಿ ಬರೀ ಮೀಸೆ ನೋಡ್ಕಂಡ್ರಲ್ಲ.

ನಾನು: ಮೋಡ ಬಂದ್ರೆ? ಸೆಲ್ಲು ಸೆಲ್ಲೇ ಕಣ. ಮೂರು ತಂದ್ಕೊಡ್ಬೇಕು.

ಸುಧಾ: ಮುಂದಿನ ಸಲ ತರ್ತೀನಿ ಮಾವ.

ಈಗಲೂ ಅವಳು ಊರಿಗೆ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ ಸೆಲ್ಲೆಲ್ಲಿ ಅಂತ ಕೇಳುತ್ತೇನೆ.

ಸುಧಾ: ಬಿಸಿಲಿಗಿಟ್ಟಿದ್ದೀನಿ ಮಾವ. ಇನ್ನೂ ಒಣಗಿಲ್ಲ.