ಹಳೇ ವಾಷರ್ ವಾಪಸ್ ಬಂತೇ?

ಎಲ್ಲ ಶುರುವಾದದ್ದು ಒಂದು ಮೊಳೆಯಿಂದ. ನೀರು ಸರಬರಾಜು ಕಚೇರಿಯ ದೂರು ಕೋಣೆಯಲ್ಲಿ ಕಪ್ಪು ಬೋರ್ಡು ನೇತಾಡುತ್ತಿದ್ದ ಮೊಳೆ ಸಡಿಲವಾಗಿದೆ, ಅದು ಯಾರ ತಲೆ ಮೇಲಾದರೂ ಬೀಳುವ ಮೊದಲು ಬೇರೆ ಮೊಳೆ ಹೊಡೆಸಿಕೊಡಿ ಎಂದು ದೂರು ಗುಮಾಸ್ತ ಸಾಹೇಬರ ಕಿವಿಗೆ ಹಾಕಿದ. ಅಷ್ಟೇ ಅವನು ಮಾಡಿದ ತಪ್ಪು. ಸಾಹೇಬರು ಕೋಣೆಗೆ ಬಂದು ಬೋರ್ಡನ್ನು ನೋಡಿದರು, ಗುಮಾಸ್ತನನ್ನು ನೋಡಿದರು, ಇನ್ನೂ ಸೀಮೆಸುಣ್ಣದ ಕಾಲದಲ್ಲೇ ಇದ್ದೀವಾ ನಾವು ಅಂದರು. ಮುಂದಿನ ವಾರ ಮೊಳೆಯ ಬದಲು ಕಂಪ್ಯೂಟರ್ ಬಂತು.

ಈ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರಿಗೂ ಬೇಕಾಗುತ್ತಿರಲಿಲ್ಲ. ಎಲ್ಲರಿಗೂ ಅವನು ಬೋರ್ಡಣ್ಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮುಚ್ಚಿಹೋದ ಒಂದು ಶಾಲೆಯಿಂದ ಆ ಬೋರ್ಡನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದವನೇ ಅವನು. ತೇವದ ದಿನಗಳಲ್ಲಿ ಇವತ್ತಿಗೂ ಅದರ ಮೂಲೆಯಲ್ಲಿ ಯಾವ ಮೇಷ್ಟರೋ ಬರೆದ ಮಗ್ಗಿ ಮಸುಕಾಗಿ ಮೇಲೇಳುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಶನಿವಾರದ ಅರ್ಧ ದಿನ ಅಪ್ಪನ ಜೊತೆ ಬಂದು, ಕೈಗೆ ಎಟುಕುವ ಕೆಳತುದಿಯಲ್ಲಿ 'ಅ' ತಿದ್ದಿದ್ದೂ ಅದರ ಮೇಲೇ. ಈಗ ಅವಳ ಮಗಳೇ ಶಾಲೆಗೆ ಹೋಗುತ್ತಾಳೆ. ಆದರೂ ಆ ಕೆಳತುದಿಯಲ್ಲಿ ಬೋರ್ಡಣ್ಣ ಇಲ್ಲಿಯವರೆಗೆ ಒಂದು ದೂರನ್ನೂ ಬರೆದವನಲ್ಲ.

ಆ ಬೋರ್ಡಿಗೆ ಅದರದ್ದೇ ಒಂದು ಭಾಷೆ ಇತ್ತು. ಹಳದಿ ಸುಣ್ಣದಲ್ಲಿ ಬರೆದರೆ ನೀರು ಬಂದಿಲ್ಲ, ನೀಲಿಯಾದರೆ ಸೋರಿಕೆ, ಕೆಂಪಾದರೆ ಎರಡನೇ ಸಲದ ದೂರು. ಹೆಸರಿನ ಸುತ್ತ ಗೆರೆ ಎಳೆದಿದ್ದರೆ ಫೋನಿನಲ್ಲಿ ಬೈದವರು. ಪಕ್ಕದಲ್ಲಿ ಚುಕ್ಕೆ ಇದ್ದರೆ ಮನೆಯಲ್ಲಿ ನಾಯಿ. ಫಿಟ್ಟರ್ ಚೀಲ ಹೆಗಲಿಗೇರಿಸಿ ಬಂದು ಒಂದು ಸಲ ಕಣ್ಣಾಡಿಸಿದರೆ ಸಾಕು, ಎಲ್ಲಿಗೆ ಹೋಗಬೇಕು, ಗೇಟು ತೆರೆಯುವ ಮೊದಲು ಕೂಗಬೇಕೋ ಬೇಡವೋ, ಎಲ್ಲ ತಿಳಿದುಬಿಡುತ್ತಿತ್ತು.

ಕಂಪ್ಯೂಟರ್ ಬಂದ ದಿನ ಬೆಳಿಗ್ಗೆಯೂ ಮೊದಲ ಫೋನು ಮೂಲೆಮನೆ ಅಜ್ಜಿಯದು.

"ಮತ್ತೆ ಶುರುವಾಯ್ತು ಕಣಪ್ಪ," ಅಂದರು ಅಜ್ಜಿ.

"ಕಳಿಸ್ತೀನಿ ಅಜ್ಜಿ. ಮಂಡಿನೋವು ಹೇಗಿದೆ?"

"ಅದೂ ಹಾಗೇ ಇದೆ. ನಲ್ಲಿಗಾದ್ರೂ ನಿಮ್ಮ ಫಿಟ್ಟರ್ ಇದ್ದಾನೆ."

ಬೋರ್ಡಣ್ಣ ನೀಲಿ ಸುಣ್ಣದಲ್ಲಿ 'ಅಜ್ಜಿ' ಎಂದು ಬರೆದ. ಯಾವ ಅಜ್ಜಿ, ಯಾವ ಬೀದಿ, ಯಾವ ನಲ್ಲಿ ಎಂದು ಆ ಕಚೇರಿಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಪಕ್ಕದಲ್ಲಿ ಚುಕ್ಕೆ ಇಡಲು ಎತ್ತಿದ ಕೈ ಮಾತ್ರ ಅಲ್ಲೇ ನಿಂತಿತು. ಆ ಮನೆಯ ನಾಯಿ ಹೋಗಿ ವರ್ಷವಾಗುತ್ತಾ ಬಂದಿತ್ತು. ಅದು ಹೋದ ದಿನ ಅಜ್ಜಿ ನಲ್ಲಿಯ ನೆಪ ಮಾಡಿಕೊಂಡು ಫೋನು ಹಚ್ಚಿ ಬೋರ್ಡಣ್ಣನ ಹತ್ತಿರವೇ ಅತ್ತಿದ್ದರು. ತಲೆಗೆ ಗೊತ್ತಿದ್ದದ್ದು ಕೈಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಅಷ್ಟರಲ್ಲಿ ಇಬ್ಬರು ಒಳಗೆ ಬಂದರು. ಒಬ್ಬಳು ಕಂಪ್ಯೂಟರನ್ನು ಸಜ್ಜು ಮಾಡಿಕೊಡಲು ಬಂದ ಹುಡುಗಿ. ಇನ್ನೊಬ್ಬ ಬಣ್ಣದ ಡಬ್ಬ ಹಿಡಿದ ಪೇಂಟರ್. ಹಿಂದೆಯೇ ಬಂದ ಸಾಹೇಬರು ಅಪ್ಪಣೆ ಕೊಟ್ಟರು. ಬೋರ್ಡು ಮಾಡುವುದನ್ನೆಲ್ಲ ಕಂಪ್ಯೂಟರ್ ಮಾಡುವಂತಾಗಬೇಕು, ಮಧ್ಯಾಹ್ನದ ಚಹಾ ಹೊತ್ತಿಗೆ ತಾವೇ ಬಂದು ನೋಡುತ್ತಾರೆ, ಸರಿಯಾಗಿದ್ದರೆ ಬೋರ್ಡು ಇಳಿಸಿ ಗುಜರಿಗೆ, ಗೋಡೆಗೆ ಬಣ್ಣ. ಪೇಂಟರ್ ಖಾಲಿ ಬಕೆಟ್ಟನ್ನು ಮಗುಚಿ ಹಾಕಿ ಅದರ ಮೇಲೆ ಕೂತು ಬೋರ್ಡನ್ನೇ ನೋಡತೊಡಗಿದ. ಬೋರ್ಡಣ್ಣ ಸುಣ್ಣದ ಡಬ್ಬಿಯನ್ನು ತನ್ನ ಹತ್ತಿರಕ್ಕೆ ಸರಿಸಿಕೊಂಡ.

ಹುಡುಗಿ ಒಳ್ಳೆಯವಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಅಂಕಲ್, ಹೆಸರು, ವಿಳಾಸ ಎಲ್ಲ ಇದರಲ್ಲಿ ಮೊದಲೇ ಇದೆ. ಅದು ಬಿಟ್ಟು ನಿಮಗೆ ಬೇಕಾದ ಕಾಲಂಗಳನ್ನ ನಾವೇ ಸೇರಿಸ್ಕೋಬಹುದು. ಕಸ್ಟಮ್ ಫೀಲ್ಡ್ ಅಂತಾರೆ. ಬೋರ್ಡಲ್ಲಿ ಏನೇನು ಬರೀತೀರಿ, ಹೇಳ್ತಾ ಹೋಗಿ."

ಬೋರ್ಡಣ್ಣನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಬಣ್ಣಗಳನ್ನು ಹೇಳಿದ, ಅವಳು ಒಂದು ಕಾಲಂ ಮಾಡಿದಳು. ಬೈದವರ ಸುತ್ತ ಗೆರೆ ಎಳೆಯುವುದನ್ನು ಹೇಳಿದ, ಇನ್ನೊಂದು ಮಾಡಿದಳು. ಸುಮ್ಮನೆ ಗೊಣಗುವವರನ್ನು ಬೈಯುವವರ ಜೊತೆ ಸೇರಿಸಿದರೆ ಪಾಪ ಬರುತ್ತದೆ ಅಂದ. ಅವಳು ಬೆರಳಿಟ್ಟರೆ ಕೆಳಗಿಳಿಯುವ ಪಟ್ಟಿಯೊಂದನ್ನು ಮಾಡಿ 'ಸಮಾಧಾನ, ಗೊಣಗಾಟ, ಬೈಗುಳ, ಫೋನ್ ಕುಕ್ಕಿದರು' ಎಂದು ತುಂಬಿದಳು. ನಾಯಿಯ ಕಾಲಂಗೆ 'ಇದೆ, ಇಲ್ಲ, ಇದೆ ಆದರೆ ಪಾಪದ್ದು' ಎಂದಾಯಿತು. ಅಷ್ಟು ಹೊತ್ತಿಗೆ ಪುಟ ಪರದೆಯಲ್ಲಿ ಹಿಡಿಸದೆ ಕೆಳಗೆ ಜಾರಿಸಿ ನೋಡುವ ಹಾಗಾಗಿತ್ತು. ಹುಡುಗಿ ಸಣ್ಣಗೆ ನಿಟ್ಟುಸಿರು ಬಿಟ್ಟಳು.

"ಇದು ಇನ್ನೂ ಉದ್ದ ಆದ್ರೆ ಏನಾಗುತ್ತಮ್ಮ?" ಬೋರ್ಡಣ್ಣ ತಣ್ಣಗೆ ಕೇಳಿದ.

"ತುಂಬೋರಿಗೆ ತಲೆ ಕೆಡುತ್ತೆ ಅಂಕಲ್. ಆಮೇಲೆ ಯಾರೂ ಬಳಸಲ್ಲ, ಮೂಲೆಗೆ ಹಾಕ್ತಾರೆ."

ಜನ್ಮದಲ್ಲಿ ಮೊದಲ ಸಲ ಬೋರ್ಡಣ್ಣನಿಗೆ ಒಂದು ಕೆಟ್ಟ ಯೋಚನೆ ಬಂತು, ಬಂದದ್ದೇ ಬಹಳ ಹಿಡಿಸಿಬಿಟ್ಟಿತು. ಎದ್ದು ಬಾಗಿಲಿಗೆ ಹೋಗಿ, ಹೊಸ ಕಂಪ್ಯೂಟರಿಗೆ ಯಾರಿಗೆ ಯಾವ ಕಾಲಂ ಬೇಕೋ ಬಂದು ಹೇಳಬಹುದು ಎಂದು ಸಾರಿದ.

ಕೇಳಬೇಕೇ? ಸಲಹೆ ಕೊಡಲು ಕರೆದರೆ ಒಲ್ಲೆ ಎನ್ನುವವರು ಯಾವ ಕಚೇರಿಯಲ್ಲಿದ್ದಾರೆ! ಅಜ್ಜಿಯ ಮನೆಗೆ ಹೊರಟಿದ್ದ ಫಿಟ್ಟರ್ ಚೀಲ ಕೆಳಗಿಟ್ಟು ಮೊದಲು ಬಂದ. ನಲ್ಲಿ ಯಾವ ಸದ್ದು ಮಾಡುತ್ತದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ ಎಂದು ತಿಳಿಸಿ, 'ತೊಟ್ ತೊಟ್', 'ತೊಟಕ್', 'ಗೊಳಗೊಳ', 'ಕಿರ್ರ್' ಎಂದು ಒಂದೊಂದನ್ನೂ ಬಾಯಲ್ಲಿ ಮಾಡಿ ತೋರಿಸಿ ಪಟ್ಟಿ ಬರೆಸಿದ. ಟೈಪಿಸ್ಟ್ ಅಕ್ಕನಿಗೆ ಬಹುಕಾಲದ ಒಂದು ಸಂಕಟವಿತ್ತು. ಅವರು ಊಟದ ಡಬ್ಬ ಬಿಚ್ಚಿದ ಕೂಡಲೇ ಫೋನು ಬರುತ್ತಿತ್ತು, ಬೋರ್ಡಣ್ಣ ಕೈ ತೊಳೆಯಲು ಹೋಗಿರುತ್ತಿದ್ದ. 'ಈಗಲೇ ಯಾಕೆ ಫೋನ್ ಮಾಡಿದಿರಿ?' ಎಂದು ಒಂದು ಕಾಲಂ ಹಾಕಿಸಿ ಹಗುರಾದರು.

ಕೊನೆಗೆ ಬಂದವರು ಉಗ್ರಾಣದ ಮಾಮ. ಒಂದು ಹೊಸ ವಾಷರ್ ಕೊಡಬೇಕಾದರೆ ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಸಂಕಟಪಡುವ ಮನುಷ್ಯ. ಬೇರೇನೂ ಬೇಡ, 'ಹಳೇ ವಾಷರ್ ವಾಪಸ್ ಬಂತೇ?' ಎಂದು ಒಂದೇ ಒಂದು ಕಾಲಂ ಇದ್ದರೆ ಸಾಕು ಅಂದರು.

ಪ್ರತಿಯೊಂದಕ್ಕೂ ಹುಡುಗಿ, ಇದು ಕಡ್ಡಾಯವೋ ಬೇಕಿದ್ದರೆ ತುಂಬುವುದೋ ಎಂದು ಕೇಳಿದಳು. ಪಕ್ಕದವನದು ಕಡ್ಡಾಯವಾಗಿರುವಾಗ ತನ್ನದು ಬೇಕಿದ್ದರೆ ಎಂದರೆ ಮರ್ಯಾದೆಯ ಪ್ರಶ್ನೆ. ಎಲ್ಲರೂ ಕಡ್ಡಾಯ ಎಂದೇ ಅಂದರು. ಒಂದೊಂದು ಕಾಲಂ ಮುಂದೆಯೂ, ಇದನ್ನು ತುಂಬದೆ ಮುಂದೆ ಹೋಗುವಂತಿಲ್ಲ ಎನ್ನುವ ಕೆಂಪು ನಕ್ಷತ್ರ ಹುಟ್ಟುತ್ತಾ ಹೋಯಿತು. ಬೋರ್ಡಣ್ಣ ಅವನ್ನೆಲ್ಲ ಮೊಮ್ಮಗಳ ಕಿವಿಯೋಲೆ ನೋಡುವ ಹಾಗೆ ನೋಡಿ ಸಂತೋಷಪಟ್ಟ.

ಚಹಾ ಹೊತ್ತಿಗೆ ಸಾಹೇಬರು ಬಂದರು. ಎಲ್ಲರೂ ಗೋಡೆಗೆ ಒತ್ತಿ ನಿಂತರು.

"ನಮ್ಮ ಮನೇದೇ ಒಂದು ದೂರು ಹಾಕಿ ನೋಡೋಣ," ಅಂದರು. "ಸ್ನಾನದ ಮನೆ ನಲ್ಲಿ ಸೋರ್ತಿದೆ."

ಯಾವ ಸದ್ದು ಬರುತ್ತದೆ ಎಂದು ಹುಡುಗಿ ಕೇಳಿದಳು. ಸಾಹೇಬರು ಸುತ್ತ ನೋಡಿ, ಗಂಟಲು ಸರಿ ಮಾಡಿಕೊಂಡು, ತೊಟ್ ತೊಟ್ ಅಂದರು. ತೊಟ್ ತೊಟ್ ಅಂತಲೋ ತೊಟಕ್ ಅಂತಲೋ, ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಹಿಂದಿನಿಂದ ಫಿಟ್ಟರ್ ವಿನಯದಿಂದ ಹೇಳಿದ. ಸಾಹೇಬರು ಎರಡನ್ನೂ ಅಂದು ನೋಡಿ ತೊಟಕ್ ಎಂದು ತೀರ್ಮಾನಿಸಿದರು. ಈಗಲೇ ಯಾಕೆ ಫೋನ್ ಮಾಡಿದಿರಿ ಎನ್ನುವುದಕ್ಕೆ ಏನು ಹೇಳಬೇಕೋ ತಿಳಿಯದೆ ಟೈಪಿಸ್ಟ್ ಅಕ್ಕನ ಮುಖ ನೋಡಿದರು. ಅಕ್ಕ ಚಾವಣಿ ನೋಡಿದರು. ದೂರುದಾರರ ಸಮಾಧಾನದ ಕಾಲಂ ಬಂದಾಗ ಹುಡುಗಿ ಏನೂ ಕೇಳದೆ, ಒಂದು ಸಲ ಅವರ ಮುಖ ನೋಡಿ ತಾನೇ 'ಗೊಣಗಾಟ' ಒತ್ತಿದಳು.

"ಹಳೇ ವಾಷರ್ ವಾಪಸ್ ಬಂತಾ ಸಾರ್?"

"ಎಲ್ಲಿಂದ ಬರುತ್ತೆ? ನಲ್ಲೀಲೇ ಇದೆಯಲ್ಲ."

"ಅದು ಬಂದ್ರೇನೇ ದೂರು ದಾಖಲಾಗೋದು ಸಾರ್."

"ದೂರು ದಾಖಲಾಗದೆ ಫಿಟ್ಟರ್ ಬರಲ್ಲ. ಅವನು ಬರದೆ ವಾಷರ್ ಬಿಚ್ಚೋರು ಯಾರು?"

ಎಲ್ಲರೂ ಉಗ್ರಾಣದ ಮಾಮನ ಕಡೆ ತಿರುಗಿದರು. ಹಳೆಯದು ಬರದೆ ಹೊಸದು ಕೊಡುವುದು ತಮ್ಮಿಂದ ಸಾಧ್ಯವೇ ಇಲ್ಲ ಎಂದು ಮಾಮ ಕೈಕಟ್ಟಿ ನಿಂತರು.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಈ ಕಂಪ್ಯೂಟರ್ ನಮಗೆ ಆಗೋದಲ್ಲ," ಅಂದರು ಸಾಹೇಬರು. "ವಾಪಸ್ ತಗೊಂಡು ಹೋಗಮ್ಮ. ಬೋರ್ಡೇ ಇರಲಿ."

ಬೋರ್ಡಣ್ಣನ ಕಣ್ಣಲ್ಲಿ ನೀರೇ ಬಂತು. ಸೈಕಲ್ಲು, ಮಗ್ಗಿ, ಮಗಳ 'ಅ', ಎಲ್ಲ ಒಟ್ಟಿಗೆ ಎದೆಗೆ ನುಗ್ಗಿದವು. ಹೊಸ ಮೊಳೆಯನ್ನು ತನ್ನ ಕೈಯಾರೆ ಹೊಡೆಯುವುದೆಂದು ಅಲ್ಲೇ ನಿರ್ಧರಿಸಿದ.

"ಆದ್ರೆ," ಎಂದರು ಸಾಹೇಬರು, "ಕಾಲಂಗಳು ಮಾತ್ರ ಬಹಳ ಚೆನ್ನಾಗಿವೆ. ಇಷ್ಟು ವರ್ಷ ಇದನ್ನೆಲ್ಲ ತಲೇಲಿ ಬಚ್ಚಿಟ್ಕೊಂಡು ಕೂತಿದ್ರಾ ಬೋರ್ಡಣ್ಣ? ಒಂದನ್ನೂ ಬಿಡಬಾರದು. ಏನಪ್ಪ ಪೇಂಟರ್, ಹೇಗೂ ಬಂದಿದ್ದೀಯ. ಆ ಬೋರ್ಡಿನ ಮೇಲೆ ಇವನ್ನೆಲ್ಲ ಬಣ್ಣದಲ್ಲೇ ಗೆರೆ ಎಳೆದು ಬರೆದುಬಿಡು. ಆ ವಾಷರ್ ಕಾಲಂ ಮಾತ್ರ ಕೊನೇಲಿ ಇರಲಿ. ಕೆಲಸ ಮುಗಿದ ಮೇಲೆ ತುಂಬ್ತಾರೆ."

ಬೆಳಗಿನಿಂದ ಬಕೆಟ್ಟಿನ ಮೇಲೆ ಕೂತು ಸೊಂಟ ಹಿಡಿದಿದ್ದ ಪೇಂಟರ್ ಹುರುಪಿನಿಂದ ಎದ್ದ. ಒದ್ದೆ ಬಟ್ಟೆ ತಗೊಂಡು ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಒರೆಸಿದ. ನೀಲಿ 'ಅಜ್ಜಿ' ಹೋಯಿತು. ಅಜ್ಜಿಯ ಮನೆಗೆ ಹೋಗಬೇಕಿದ್ದ ಫಿಟ್ಟರ್ ಹಗಲಿಡೀ ಇಲ್ಲೇ ನಿಂತು ಬಾಯಲ್ಲಿ ಸದ್ದು ಮಾಡುತ್ತಿದ್ದದ್ದು ಆಗಲೂ ಯಾರಿಗೂ ಹೊಳೆಯಲಿಲ್ಲ. ಮಗ್ಗಿಯ ಮೂಲೆಯಲ್ಲಿ ಕಂಬಿಯಂಥ ಬಿಳಿ ಗೆರೆಗಳು ಎದ್ದವು. ಕೆಳತುದಿಯಾದರೂ ಉಳಿಯಲಿ ಎಂದು ಬೋರ್ಡಣ್ಣ ಬಾಯಿ ತೆರೆಯುವಷ್ಟರಲ್ಲಿ ಪೇಂಟರ್ ಮಂಡಿಯೂರಿ ಅಲ್ಲಿಯವರೆಗೂ ಎಳೆದು ಮುಗಿಸಿದ್ದ.

ಕಚೇರಿ ಮುಚ್ಚುವ ಹೊತ್ತಿಗೆ ಫೋನು ಬಂತು. ಮೊದಲ ದೂರನ್ನು ತಾವೇ ನಿಂತು ನೋಡಬೇಕೆಂದು ಸಾಹೇಬರು ಹೋಗಿರಲಿಲ್ಲ.

"ಇನ್ನೂ ಬಂದಿಲ್ವಲ್ಲಪ್ಪ," ಎಂದಿತು ಆ ಕಡೆಯ ದನಿ.

ಬೋರ್ಡಣ್ಣನ ಬಾಯಿಗೆ ಬಂದ 'ಅಜ್ಜಿ' ಅಲ್ಲೇ ಉಳಿಯಿತು. ಸಾಹೇಬರು ಬೋರ್ಡಿನತ್ತ ಬೆರಳು ತೋರಿಸಿ, ಮೊದಲಿನಿಂದ ಕೇಳುವಂತೆ ಸನ್ನೆ ಮಾಡಿದರು.

"ಹೆಸರು ಹೇಳಿ... ನಲ್ಲಿ ಯಾವ ಸದ್ದು ಮಾಡ್ತಿದೆ?... ಈಗಲೇ ಯಾಕೆ ಫೋನ್ ಮಾಡಿದ್ರಿ?" ಸಾಹೇಬರು ಮುಂದಿನ ಕಾಲಂ ಮೇಲೆ ಬೆರಳಿಂದ ತಟ್ಟಿದರು. ಬೋರ್ಡಣ್ಣ ಕಣ್ಣು ಮುಚ್ಚಿಕೊಂಡ. "ಮನೇಲಿ ನಾಯಿ ಇದೆಯಾ?"

ಆ ಕಡೆಯಿಂದ ನಲ್ಲಿಯ ತೊಟ್ ತೊಟ್ ಅಷ್ಟೇ ಕೇಳಿಸುತ್ತಿತ್ತು.

"ಯಾರಪ್ಪ ನೀನು, ಹೊಸಬನಾ?" ಅಜ್ಜಿ ಮೆಲ್ಲಗೆ ಅಂದರು. "ಪಾಪ, ನಿಂಗೇನು ಗೊತ್ತು. ಬೋರ್ಡಣ್ಣನಿಗೆ ಫೋನ್ ಕೊಡು."

ಬೋರ್ಡಣ್ಣ ಸಾಹೇಬರನ್ನು ನೋಡಿದ, ಬೋರ್ಡನ್ನು ನೋಡಿದ, ದನಿ ದಪ್ಪ ಮಾಡಿಕೊಂಡ. "ಅವರು ಸೀಟಲ್ಲಿಲ್ಲಮ್ಮ."

"ಹಾಗಾದ್ರೆ ಅವನು ಬಂದ ಮೇಲೆ ಮಾಡ್ತೀನಿ ಬಿಡು."

ಬೋರ್ಡಣ್ಣ ರಿಸೀವರನ್ನು ಕೈಯಲ್ಲೇ ಹಿಡಿದು ಕೂತ.

"ಏನು, ಕುಕ್ಕಿದ್ರಾ?" ಎಂದು ಕೇಳಿದರು ಸಾಹೇಬರು.

"ಇಲ್ಲ ಸಾರ್. ಮೆತ್ತಗೆ ಇಟ್ರು."

ಸಾಹೇಬರು ಬೋರ್ಡಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು.

"ಅದಕ್ಕೊಂದು ಕಾಲಂ ಇಲ್ವಲ್ಲ," ಅಂದರು. "ಪೇಂಟರ್ ಹೋದ್ನಾ ನೋಡಿ."