ಎಲ್ಲಾ ದೋಣಿಗೂ ಒಬ್ಬರೇ ಸರ್

‘ಆಗುವುದಿಲ್ಲ’ ಎಂಬ ಮಾತು ಬೇರೆಯವರಿಗೆ ನಾಲಿಗೆಯ ತುದಿಯಲ್ಲೇ ಇರುತ್ತದಂತೆ. ನನಗೆ ಅದು ನೆನಪಾಗುವುದು ಮನೆಗೆ ಬಂದು, ಕೈಕಾಲು ತೊಳೆದು, ಅವತ್ತು ಮಾಡಿಕೊಂಡ ಅನಾಹುತವನ್ನು ಹೆಂಡತಿಗೆ ವಿವರಿಸುವಾಗ. ಈ ಗುಣದ ದೆಸೆಯಿಂದ ಕಾಲೇಜಿನ ಗ್ಯಾದರಿಂಗಿಗೆ ಕುರ್ಚಿ ತರಿಸುವುದು, ನಿವೃತ್ತರಾಗುವವರಿಗೆ ಶಾಲು ಆರಿಸುವುದು, ಅತಿಥಿಗಳು ಬರುವ ತನಕ ಮೈಕಿನ ಮುಂದೆ ಏನಾದರೂ ಮಾತಾಡುತ್ತಿರುವುದು, ಎಲ್ಲವೂ ನನ್ನ ಪಾಲಿಗೆ ಬಂದಿವೆ. ಐವತ್ತು ದಾಟಿದ ಮೇಲಂತೂ ದಣಿವು ನನಗಿಂತ ಮೊದಲೇ ಎದ್ದು ಮಂಚದ ತುದಿಯಲ್ಲಿ ಕೂತಿರುತ್ತದೆ. ಅದನ್ನೂ ಕರೆದುಕೊಂಡು ನಾನು ಕಾಲೇಜಿಗೆ ಹೋಗುತ್ತೇನೆ.

ಹೀಗಿರುವಾಗ ಬೀದರಿನ ನಮ್ಮ ಕಾಲೇಜಿಗೆ ‘ಬಯಲು ಸೆಮಿಸ್ಟರ್’ ಬಂತು. ಅಂದರೆ ಒಂದು ಸೆಮಿಸ್ಟರ್ ಪೂರ್ತಿ ಹುಡುಗ ಹುಡುಗಿಯರು ಗೋಡೆಗಳ ಒಳಗೆ ಕೂರುವುದಿಲ್ಲ. ಕಾರಂಜಾ ಜಲಾಶಯದ ದಂಡೆಯಲ್ಲಿ ಗುಡಾರ ಹಾಕಿಕೊಂಡು, ತಾವೇ ಬೇಯಿಸಿಕೊಂಡು, ಮಣ್ಣು, ಮರ, ನಕಾಶೆ ಎಲ್ಲ ಕಲಿಯಬೇಕು. ಜೊತೆಗೆ ಕೆನೂ ಎಂಬ, ಎರಡೂ ತುದಿ ಚೂಪಾದ, ಇಬ್ಬರಷ್ಟೇ ಹಿಡಿಯುವ ಕಿರುದೋಣಿ ನಡೆಸಲು ತರಬೇತಿ ಪಡೆದು, ಕೊನೆಗೆ ಕೆಲವು ದಿನ ನೀರಿನ ಮೇಲೆಯೇ ಪ್ರಯಾಣ ಹೊರಡಬೇಕು. ಇದಕ್ಕೊಬ್ಬ ಉಸ್ತುವಾರಿ ಬೇಕಲ್ಲ? ಪ್ರಿನ್ಸಿಪಾಲರು ನನ್ನನ್ನು ನೋಡಿದರು. “ನಿಮ್ಮೂರು ಭಾಲ್ಕಿ ಕಡೀದು ಅಲ್ರಿ? ನೀರಿನ ದಂಡಿಗೇ ಅದ. ನಿಮಗ ಬಿಟ್ಟು ಇನ್ಯಾರಿಗ ಕೊಡ್ಲಿ?” ಅಂದರು. ಡ್ಯಾಮು ಕಟ್ಟಿದಾಗ ನೀರು ನಮ್ಮೂರ ತನಕ ಬಂತೇ ಹೊರತು ನಾವು ನೀರಿನ ತನಕ ಹೋದವರಲ್ಲ, ನನಗೆ ಈಜು ಬರುವುದಿಲ್ಲ, ಕಲಿಸುತ್ತಿರುವುದು ಅರ್ಥಶಾಸ್ತ್ರ. ಇವೆಲ್ಲ ನನಗೆ ಹೊಳೆದದ್ದು ಮನೆಯಲ್ಲಿ. “ಬಕೀಟಿನಾಗ ತಣ್ಣೀರಿದ್ರ ಓಣಿಗೆಲ್ಲ ಕೇಳೋಹಂಗ ಚೀರ್ತೀರಿ, ಇನ್ನ ಕಾರಂಜಾದಾಗ ಏನ್ ಮಾಡ್ತೀರಿ?” ಎಂದಳು ಹೆಂಡತಿ. ದೋಣಿ ನಡೆಸಲು ಹೊರಗಿನಿಂದ ತರಬೇತುದಾರ ಬರುತ್ತಾನೆ, ನಾನು ಬರೀ ದಂಡೆಯ ಮೇಲಿರುವವನು ಎಂದು ಅವಳಿಗೂ ನನಗೂ ಸಮಾಧಾನ ಹೇಳಿದೆ.

ಮೊದಲ ಕೆಲಸ ಮನೆಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸುವುದು. ಗಾಂಧಿ ಗಂಜಿನ ಧಾನ್ಯಪೇಟೆಯಲ್ಲಿ ನನ್ನ ವಿದ್ಯಾರ್ಥಿ ಸಂಗಮೇಶನ ಅಪ್ಪನ ಅಡತಿ ಅಂಗಡಿ, ಅಂದರೆ ದಲ್ಲಾಳಿ ಮಳಿಗೆ. ತೊಗರಿ ಚೀಲಗಳ ನಡುವೆ ನನ್ನನ್ನು ಕೂರಿಸಿ, ಆ ಪುಣ್ಯಾತ್ಮರು ಕೇಳಿದ ಮೊದಲ ಪ್ರಶ್ನೆ: “ಸರ್, ಆ ದೋಣಿ ಎಷ್ಟು ಕ್ವಿಂಟಲ್ ತಡೀತದ?” ನನಗೆ ಗೊತ್ತಿರಲಿಲ್ಲ. “ನೀವೂ ಕೂಡ್ತೀರೇನು ಅದ್ರಾಗ?” ಎಂದು ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿದರು. ನಾನು ಮರ್ಯಾದೆಗೆ ಅಂಜಿ “ಕೂಡ್ತೇನಿ” ಅಂದೆ. “ಹಂಗಾದ್ರ ಫಿಕರ್ ಇಲ್ಲ. ಸಂಗಮೇಶ ನಿಮ್ಮ ಜಿಮ್ಮಾ” ಎಂದು ಕೈಮುಗಿದರು. ಮನ್ನಳ್ಳಿಯಲ್ಲಿ ಕುರಿ ಸಾಕುವ ಮಾಳಪ್ಪನವರ ಮಾತು ಇನ್ನೂ ಚಿಕ್ಕದು: “ನೀರು ಕಂಡ್ರ ನನ್ನ ಕುರಿ ಸುದ್ದಾ ಹಿಂದ ಸರೀತಾವ್ರಿ. ನೀವು ಕೂಡ್ತೀರಿ ಅಂದ್ರ ನಮ್ಮ ಬೀರಣ್ಣನೂ ಕೂಡ್ಲಿ. ನಿಮ್ಮ ಜಿಮ್ಮಾ.” ಅಲ್ಲೂ ಕೂಡುತ್ತೇನೆ ಅಂದೆ. ನಮ್ಮ ಕಡೆ ಜಿಮ್ಮಾ ಅಂದರೆ ಬರೀ ಹೊಣೆಗಾರಿಕೆ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು ‘ಜರಾ ನಿಮ್ಮ ಜಿಮ್ಮಾ ರೀ’ ಎಂದು ಗಂಟು ಇಟ್ಟು ಹೋದರೆ, ನಮ್ಮ ಬಸ್ಸು ಹೊರಟುಹೋದರೂ ನಾವು ಆ ಗಂಟಿನ ಪಕ್ಕದಲ್ಲೇ ನಿಂತಿರುತ್ತೇವೆ.

ಕೊನೆಗೆ ಉಳಿದದ್ದು ಔರಾದಿನ ಆಚೆಯ ಡಾಬಕಾ ಎಂಬ ಹಳ್ಳಿ. ಬಸ್ಸಿನ ಕುಲುಕಾಟಕ್ಕೆ ನೊಂದ ಸೊಂಟ ಹಿಡಿದುಕೊಂಡು ಇಳಿದಾಗ ವಿದ್ಯಾರ್ಥಿನಿ ಪ್ರಜ್ಞಾ ಕಾಯುತ್ತಿದ್ದಳು. ಆಕೆಯ ತಾಯಿ ಪಂಚಶೀಲಾಬಾಯಿ ಹೊಲದಿಂದ ಆಗಷ್ಟೇ ಬಂದವರು. ಮೂರು ಸಲ ಚಹಾ ಕೊಟ್ಟರು, ಒಂದು ಸಲವೂ ನಗಲಿಲ್ಲ. “ಸರ್, ನಾವು ಬಾವಿ ನೀರು ನೋಡಿದ ಮಂದಿ. ನೀರಿನ ಭರೋಸಾ ನನಗಿಲ್ಲ. ನೀವು ನನ್ನ ಮಗಳ ಸಂಗಟ ಕೂಡ್ತೀರಿ ಅಂದ್ರ ಕಳಸ್ತೇನಿ, ಇಲ್ಲಂದ್ರ ಇಲ್ಲ. ಮತ್ತ ನಾನು ಒಂದಿನ ಬಂದು ನೋಡ್ತೇನಿ. ನೋಡಿದ ಮ್ಯಾಲ ಬ್ಯಾಡ ಅನ್ನಿಸಿದ್ರ ಅವತ್ತೇ ಕರ್ಕೊಂಡು ಬರ್ತೇನಿ” ಎಂದರು. ಕೂಡುತ್ತೇನೆ ಎಂದೆ; ಆ ಹೊತ್ತಿಗೆ ಅದು ತಾನಾಗಿಯೇ ಬಾಯಿಂದ ಬೀಳುತ್ತಿತ್ತು. ಬಸ್ಸಿನ ತನಕ ಬಂದ ಪ್ರಜ್ಞಾ, “ಸರ್, ಅವ್ವ ಒಮ್ಮಿ ಬ್ಯಾಡ ಅಂದ್ರ ಮುಗೀತ್ರಿ. ಹುಟ್ಟಿದಾಗಿಂದ ಮನಿ, ಸಾಲಿ, ಮನಿ. ಇದೊಂದು ನನಗ ಬೇಕೇ ಬೇಕ್ರಿ” ಅಂದಳು. ಹುಡುಗಿಯ ಮುಖ ನೋಡಿ ನನ್ನ ಸೊಂಟನೋವು ಮರೆತುಹೋಯಿತು. ಬಸ್ಸು ಹತ್ತಿದ ಮೇಲೆ ಮತ್ತೆ ನೆನಪಾಯಿತು.

ಸೆಮಿಸ್ಟರ್ ಶುರುವಾಯಿತು. ಮಕ್ಕಳು ಬಿಸಿಲಿಗೆ ಕಪ್ಪಾದರು, ಗಟ್ಟಿಯಾದರು. ನಾನು ಕಪ್ಪಾದೆ, ಅಷ್ಟೇ. ಗುಡಾರದ ನೆಲ ನನ್ನ ಬೆನ್ನಿನ ಪ್ರತಿಯೊಂದು ಎಲುಬನ್ನೂ ಬೇರೆ ಬೇರೆಯಾಗಿ ಮಾತಾಡಿಸಿತು. ಪ್ರಜ್ಞಾ ಎಲ್ಲರಿಗಿಂತ ಮುಂದಿದ್ದಳು. ಅವಳು ಹುಟ್ಟು ಹಾಕಿದರೆ ದೋಣಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಿತ್ತು. ನಾನು ದಿನವೂ ‘ನಾಳೆ ಕೂರುತ್ತೇನೆ’ ಎನ್ನುತ್ತ ದಂಡೆಯಲ್ಲೇ ಹಾಜರಿ ತೆಗೆದುಕೊಳ್ಳುತ್ತಿದ್ದೆ.

ಹೀಗೆ ಮನೆಯವರು ಭೇಟಿಗೆ ಬರುವ ದಿನ ಬಂದೇಬಿಟ್ಟಿತು. ಟಂಟಂ ಆಟೋಗಳಿಂದ ಅವ್ವಂದಿರು, ಅಪ್ಪಂದಿರು, ರೊಟ್ಟಿ ಗಂಟುಗಳು ಇಳಿದವು. ಊಟವಾದದ್ದೇ ತಡ, ಮಾಳಪ್ಪ ಕಂಬಳಿ ಕೊಡವಿ ಎದ್ದರು. “ನಡೀರಿ ಸರ್, ಬೀರಣ್ಣನ ಸಂಗಟ ಕೂಡ್ರಿ.” ಅಡತಿಯವರು ಬಿಡಲಿಲ್ಲ: “ಮಾತು ಮೊದಲ ನಮಗ ಕೊಟ್ಟಾರ. ಸಂಗಮೇಶನ ಸಂಗಟ ಕೂಡೋರು ಅವರು.” ಅಲ್ಲಿಂದ ಒಬ್ಬರು, ಇಲ್ಲಿಂದ ಒಬ್ಬರು ‘ನಮಗೂ ಅಂದಾರ’, ‘ನಮಗೂ ಅಂದಾರ’ ಎಂದು ಎದ್ದರು. ಇಬ್ಬರು ಕೂರುವ ದೋಣಿಗಳು ಅಷ್ಟೊಂದು, ಎಲ್ಲದಕ್ಕೂ ಮಾತು ಕೊಟ್ಟ ಮನುಷ್ಯ ಒಬ್ಬನೇ. ಅರ್ಥಶಾಸ್ತ್ರದವನು ಈ ಲೆಕ್ಕವನ್ನು ಮೊದಲೇ ಮಾಡಬೇಕಿತ್ತು. ಪಂಚಶೀಲಾಬಾಯಿ ಮಾತ್ರ ನೀರಿನ ಅಂಚಿಗೆ ಹೋಗಿ ನಿಂತರು. ತರಬೇತುದಾರ ನನಗೆ ಜಾಕೆಟ್ ತೊಡಿಸುತ್ತ, “ಈಜು ಬರಲ್ಲ ಅಂದಿದ್ರಲ್ಲ ಸರ್, ಬೆಲ್ಟು ಬಿಗಿಯಾಗಿ ಕಟ್ತೀನಿ” ಎಂದು ಊರಿಗೆಲ್ಲ ಕೇಳುವಂತೆ ಹೇಳಿದ.

ಬೀರಣ್ಣನ ದೋಣಿಯಲ್ಲಿ ಒಂದು ಸುತ್ತು ಹೋದೆ, ಕಣ್ಣು ಮುಚ್ಚಿಕೊಂಡಿದ್ದರಿಂದ ವಿಶೇಷ ಏನೂ ಕಾಣಲಿಲ್ಲ. ಸಂಗಮೇಶನ ದೋಣಿ ನನ್ನ ಕಡೆಗೆ ವಾಲಿತು. ಉಳಿದವರದೂ ಒಂದೊಂದಾಗಿ ಮುಗಿದು ಪ್ರಜ್ಞಾಳ ಸರದಿ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಕೈಯಲ್ಲಿ ಹುಟ್ಟು, ಮನಸ್ಸಿನಲ್ಲಿ ಬರೀ ಸಾವು. ನಡುನೀರಿನಲ್ಲಿ ಒಂದು ಅಲೆ ಬಡಿಯಿತು ನೋಡಿ, ನಾನು ಗಾಬರಿಯಿಂದ ಅರ್ಧ ಎದ್ದುಬಿಟ್ಟೆ. ದೋಣಿ ಹೊಯ್ದಾಡಿತು, ನನ್ನ ಕೈಯ ಹುಟ್ಟು ನೀರಿಗೆ ಬಿತ್ತು. “ಸರ್! ಕೂಡ್ರಿ! ಅಲ್ಲಾಡಬ್ಯಾಡ್ರಿ!” ಪ್ರಜ್ಞಾ ಗದರಿಸಿದಳು. ಇಪ್ಪತ್ತೈದು ವರ್ಷ ನಾನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದ ಮಾತದು, ಆದರೆ ಒಬ್ಬರೂ ಇಷ್ಟು ಬೇಗ ಕೇಳಿರಲಿಲ್ಲ. ನಾನು ದೋಣಿಯ ತಳಕ್ಕೆ ಕುಸಿದು ಎರಡೂ ಬದಿ ಹಿಡಿದುಕೊಂಡೆ. ಅವಳು ದೋಣಿಯನ್ನು ತಿರುಗಿಸಿ, ತೇಲಿಹೋಗುತ್ತಿದ್ದ ಹುಟ್ಟನ್ನು ಎತ್ತಿಕೊಂಡು, ಎದುರುಗಾಳಿಯಲ್ಲಿ ಒಬ್ಬಳೇ ದಂಡೆಯ ಕಡೆ ಹೊರಟಳು. ಪಂಚಶೀಲಾಬಾಯಿ ಪಾದ ಮುಳುಗುವಷ್ಟು ನೀರಿನಲ್ಲಿ ಬಂದು ನಿಂತಿದ್ದು ಕಂಡಿತು. ನನಗೆ ನಿಜವಾದ ಸಂಕಟ ಶುರುವಾದದ್ದು ಆಗ. ಮುಳುಗುವ ಭಯವಲ್ಲ, ಈ ಹುಡುಗಿ ಅಷ್ಟು ಆಸೆಪಟ್ಟದ್ದು ನನ್ನ ಪುಕ್ಕಲುತನದಿಂದ ಕೈತಪ್ಪಿತಲ್ಲ ಎಂದು.

ದೋಣಿ ದಂಡೆಗೆ ತಾಗಿತು. ನಾಲ್ಕು ಜನ ಸೇರಿ ನನ್ನನ್ನು ಇಳಿಸಿದರು. ಪ್ರಜ್ಞಾ ತಲೆ ತಗ್ಗಿಸಿ ನಿಂತಿದ್ದಳು. “ತಪ್ಪು ನಂದ್ರಿ, ಅಕಿದಲ್ಲ” ಎಂದೆ. ತಾಯಿ ಮಗಳ ಒದ್ದೆ ತೋಳನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಮಗಳು ನೀರಿನ ಪ್ರಯಾಣಕ್ಕ ಹೋಗ್ಲಿ ರೀ. ನೋಡ್ದೆ ನಾನು. ಅಕಿಗಿ ಬರ್ತದ” ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, “ಆದ್ರ ಸರ್, ನೀವು ಹೋಗಬ್ಯಾಡ್ರಿ. ನೀರು ನೋಡ್ಬೇಕೋ, ನಿಮ್ಮ ನೋಡ್ಬೇಕೋ ಅಕಿ?” ಎಂದರು. “ಖರೆ ಅದ” ಎಂದರು ಅಡತಿಯವರು, “ದೋಣಿನೂ ಹಗುರ ಆಗ್ತದ.” ಮಾಳಪ್ಪನವರು, “ಸರ್ ದಂಡಿ ಮ್ಯಾಲೇ ಇರ್ಲಿ, ಹುಡುಗ್ರಿಗಿ ತ್ರಾಸ ಬ್ಯಾಡ” ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡರು. ಉಳಿದವರೆಲ್ಲ ತಲೆಯಾಡಿಸಿದರು. ಪ್ರಜ್ಞಾ ನಗು ತಡೆಯಲಾರದೆ ಗುಡಾರದ ಹಿಂದೆ ಓಡಿದಳು. ಯಾವ ಬಿಡುಗಡೆಗಾಗಿ ಇಷ್ಟು ದಿನ ಒಳಗೊಳಗೇ ಬೇಡಿಕೊಂಡಿದ್ದೆನೋ ಅದು ಪೂರ್ಣ ಬಹುಮತದಿಂದ ಸಿಕ್ಕಿತ್ತು. ಆದರೂ ಒದ್ದೆ ಪ್ಯಾಂಟಿನಲ್ಲಿ ನಡುಗುತ್ತ ನಿಂತ ನನಗೆ ಒಂದೇ ಕೊರಗು: ಅಷ್ಟು ಜನರಲ್ಲಿ ಒಬ್ಬರಾದರೂ, ಬರೀ ಬಾಯಿಮಾತಿಗಾದರೂ, ‘ಹಂಗಲ್ರಿ, ಸರೂ ಹೋಗ್ಲಿ’ ಅನ್ನಬಾರದಿತ್ತೇ?