ಕರುಣಾಕರನ ಸರ್ವಧರ್ಮ ಸಂವಾದ

ಕಾಂಪೌಂಡಿನ ಆಚೆಯಿಂದ ಬಂಗುಡೆ ಕಾಯಿಸುವ ಪರಿಮಳ ಬಂದದ್ದೇ ತಡ, ಕರುಣಾಕರನ ಕೈಯಲ್ಲಿದ್ದ ಪೇಪರು ಜಾರಿ ಬಿತ್ತು.

ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ಮಂಡಿಯ ಗುಮಾಸ್ತನಾದ ಈ ಬಡಪಾಯಿ ಮೀನಿನ ಮುಖ ನೋಡದೆ ಎರಡು ವಾರವಾಗಿತ್ತು. ಕಾರಣ ಅವನದೇ ಕಿಡ್ನಿಯ ಕಲ್ಲು. ಅದು ಆಪರೇಷನ್ ಇಲ್ಲದೆ ಬಿದ್ದುಹೋದರೆ ಆಗಸ್ಟ್ ನಡುವೆ ಶುರುವಾಗುವ ತುಳುವರ ಸೋಣ ತಿಂಗಳಿಡೀ ಮನೆಯವರು ಯಾರೂ ಮೀನು ಮುಟ್ಟುವುದಿಲ್ಲ ಎಂದು ಹೆಂಡತಿ ಕುಶಲಾ ಹರಕೆ ಹೊತ್ತಿದ್ದಳು. ಹಾಳಾದ ಕಲ್ಲು ಬಿದ್ದೇ ಹೋಯಿತು! ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯ ಬೋಟುಗಳು ಕಡಲಿಗಿಳಿದು, ಬಂಗುಡೆ ಅಗ್ಗವಾಗುವುದಕ್ಕೂ ಸೋಣ ಹಿಡಿಯುವುದಕ್ಕೂ ಸರಿಹೋಯಿತು.

ಇವತ್ತು ಭಾನುವಾರ ಬೇರೆ. ಇನ್ನು ತಡೆಯುವುದು ಸಾಧ್ಯವೇ ಇಲ್ಲ ಎನಿಸಿ ಕರುಣಾಕರ ತಲೆ ಬಾಚಿಕೊಂಡು ಹೊರಟ.

"ಎಲ್ಲಿಗೆ?" ಕುಶಲಾ ಬಾಗಿಲಲ್ಲೇ ಹಿಡಿದಳು.

"ಪಕ್ಕದ ಮ್ಯಾಕ್ಸಿಮ್ ಪೊರ್ಬುಗಳಲ್ಲಿಗೆ."

"ಊಟದ ಹೊತ್ತಿಗೆ ಎಂತಕ್ಕೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಬಾಯಲ್ಲಿ ಸಣ್ಣ ಸುಳ್ಳು ಬರುವುದಿಲ್ಲ. "ಸರ್ವಧರ್ಮ ಸಂವಾದ ಉಂಟು," ಎಂದುಬಿಟ್ಟ. "ಒಬ್ಬರ ಧರ್ಮ ಇನ್ನೊಬ್ಬರು ತಿಳಿದುಕೊಳ್ಳಬೇಕಲ್ವಾ?"

ಕುಶಲಾಳ ಮುಖ ಅರಳಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎದುರು ಮನೆಯಲ್ಲಿ ಹೂ ಕೊಯ್ಯುತ್ತಿದ್ದ ಶರ್ಮಿಳಾಳ ಕಿವಿಗೂ ಮಾತು ಬಿತ್ತು. ಮಣಿಪಾಲದಲ್ಲಿ ಕಾಲೇಜು ಉಪನ್ಯಾಸಕಿಯಾದ ಆಕೆ ಅಲೆವೂರಿನ ಆ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಒಂದು ಒಳ್ಳೆಯ ಕಾರ್ಯಕ್ರಮಕ್ಕಾಗಿ ವರ್ಷದಿಂದ ಹುಡುಕುತ್ತಿದ್ದಳು.

ಇತ್ತ ಮ್ಯಾಕ್ಸಿಮ್, ಊರ ಬಾಯಲ್ಲಿ 'ಪೊರ್ಬು' ಎನಿಸಿಕೊಳ್ಳುವ ಕ್ರೈಸ್ತರು, ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ದುಡಿದು ಬಂದವರು, ಹಸಿದವನ ಕಷ್ಟ ಬಲ್ಲವರು. ಹೆಂಡತಿ ಬರ್ತಾ ಹಿತ್ತಲಲ್ಲಿದ್ದಾಗ ಮೆಲ್ಲ ಎರಡು ಬಂಗುಡೆ ತಟ್ಟೆಗೆ ಹಾಕಿ, "ಬೇಗ ತಿನ್ನಿ ಮಾರಾಯ್ರೇ," ಎಂದರು. ಕರುಣಾಕರ ಒಂದು ತುಂಡು ಮುರಿದು ಬಾಯಿಯ ಹತ್ತಿರ ತಂದಿದ್ದ, ಗೇಟು ಕಿರ್ ಎಂದಿತು.

"ಸಂವಾದ ಇಲ್ಲೇ ಅಲ್ವಾ?"

ಶರ್ಮಿಳಾ! ಹಿಂದೆ ಕುಶಲಾ. ಅವಳ ಹಿಂದೆ ಮೂರನೇ ಮನೆಯ ನಿವೃತ್ತ ಶಿಕ್ಷಕ ಮೊಯ್ದಿನಬ್ಬ ಮೇಷ್ಟ್ರು. ಅವರ ಹಿಂದೆ ಕುರ್ಚಿ ಹೊತ್ತುಕೊಂಡು ಅರ್ಧ ಬಡಾವಣೆ. ಮ್ಯಾಕ್ಸಿಮ್ ತಟ್ಟೆಯನ್ನು ಮಂಚದಡಿ ತಳ್ಳಿದರು. ಕರುಣಾಕರ ಕೈಯಲ್ಲಿದ್ದ ತುಂಡನ್ನು ಕಿಟಕಿಯಾಚೆ ಎಸೆದ.

ಹಿತ್ತಲಿಂದ ಬಂದ ಬರ್ತಾಳಿಗೆ ಹರಕೆಯ ಸುದ್ದಿ ಗೊತ್ತಾದದ್ದೇ ಆಗ. "ಯಾ ದೇವಾ! ಹರಕೆಯವರ ಮುಂದೆ ಮೀನಿನ ವಾಸನೆಯಾ?" ಎಂದು ಕಾವಲಿಯನ್ನೇ ಎತ್ತಿ ಹಿತ್ತಲಿಗೆ ಸಾಗಿಸಿ, ಊದುಬತ್ತಿ ಹಚ್ಚಿದಳು. ಕರುಣಾಕರನ ಕೈಗೆ ಗೌರವದಿಂದ ಒಂದು ಬಟ್ಟಲು ಸೌತೆಕಾಯಿ ಹುಳಿ ಬಂತು.

"ಸಂವಾದದ ಯೋಚನೆ ಕರುಣಾಕರಣ್ಣನದು, ಅವರೇ ಶುರು ಮಾಡಲಿ," ಎಂದಳು ಶರ್ಮಿಳಾ.

ಕರುಣಾಕರ ಎದ್ದ. ಭಾಷಣ ಬಾರದವನು, ಆದರೆ ಹಸಿವು ಬಾಯಿ ಬಿಡಿಸಿತು.

"ಯಾರು ಯಾವ ದೇವರಿಗೆ ಕೈ ಮುಗಿಯಬೇಕು, ಎಂತ ತಿನ್ನಬೇಕು, ಎಂತ ಬಿಡಬೇಕು, ಅದು ಅವರವರ ಇಷ್ಟ. ನನ್ನ ಹರಕೆ ನಿಮ್ಮ ತಟ್ಟೆಗೆ ಕೈ ಹಾಕಬಾರದು. ಗಂಡ ಹೆಂಡತಿಯ ಮೇಲೆ ಹೇರಬಾರದು. ಹೆಂಡತಿಯಂತೂ..." ಕುಶಲಾಳ ಮುಖ ಕಂಡು ಮಾತು ತಿರುಗಿಸಿದ. "ಒಟ್ಟು ಯಾರೂ ಯಾರ ಮೇಲೂ ಹೇರಬಾರದು. ಅದೇ ಸ್ವಾತಂತ್ರ್ಯ!"

ಚಪ್ಪಾಳೆಯೋ ಚಪ್ಪಾಳೆ. "ಮೂವತ್ತು ವರ್ಷ ಸಮಾಜ ಪಾಠ ಮಾಡಿದೆ, ಇಷ್ಟು ಚಂದ ಹೇಳಲಿಕ್ಕೆ ನನಗೆ ಬರಲಿಲ್ಲ," ಎಂದು ಮೇಷ್ಟ್ರು ಅವನ ಕೈ ಹಿಡಿದುಕೊಂಡರು.

ಆಮೇಲೆ ಮಾತಿಗೆ ಮಾತು ಬೆಳೆಯಿತು. ಸೋಣದಲ್ಲಿ ಹೊಸ್ತಿಲಿಗೆ ಯಾಕೆ ಪೂಜೆ ಎಂದು ಬರ್ತಾ ಕೇಳಿದಳು. ಶಿಲುಬೆಯ ಹಾದಿ ಎಂದರೆ ಎಂತ ಎಂದು ಕುಶಲಾ ಕೇಳಿದಳು. ಒಂಬತ್ತು ವರ್ಷ "ಊಟ ಆಯ್ತಾ?" ಬಿಟ್ಟು ಬೇರೆ ಮಾತಾಡದ ಹೆಂಗಸರಿಬ್ಬರೂ ಮಾತಾಡುತ್ತಾ ಅಡುಗೆಮನೆಗೇ ಹೋಗಿ ಕೂತರು. ಕರುಣಾಕರನಿಗೂ ನಿಜವಾಗಿ ಸಂತೋಷವಾಯಿತು. ಸುಳ್ಳಿನಿಂದ ಇಷ್ಟು ಒಳ್ಳೆಯದಾಗುವುದುಂಟಾ ಎಂದು ಅವನಿಗೇ ಆಶ್ಚರ್ಯ.

ಅರ್ಧ ಗಂಟೆಯ ಮೇಲೆ ಕುಶಲಾ ಕಣ್ಣೊರಸಿಕೊಳ್ಳುತ್ತಾ ಹೊರಬಂದಳು. "ಇವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಹೇರುವುದು ತಪ್ಪು."

ಕರುಣಾಕರನ ಬಾಯಲ್ಲಿ ನೀರೂರಿತು. ಹರಕೆ ಸಡಿಲವಾಯಿತು!

"ಅದಕ್ಕೇ ನಾನೂ ಬರ್ತಾ ಬಾಯಿಯೂ ನಮ್ಮ ಸ್ವಂತ ಇಷ್ಟದಿಂದ ಒಂದು ತೀರ್ಮಾನ ಮಾಡಿದೆವು. ಸೋಣ ಮುಗಿಯುವವರೆಗೆ ಅವರ ಮನೆಯಲ್ಲೂ ಮೀನಿಲ್ಲ. ಈಸ್ಟರಿಗೆ ಮೊದಲು ಅವರು ನಲವತ್ತು ದಿನ ಮೀನು ಮಾಂಸ ಬಿಡುತ್ತಾರಲ್ಲ, ಆಗ ನಮ್ಮ ಮನೆಯಲ್ಲೂ ಇಲ್ಲ."

ಮತ್ತೆ ಚಪ್ಪಾಳೆ. "ನಿಮಗೆ ಬಾಗಿಲು ತೆಗೆದದ್ದೇ ನನ್ನ ತಪ್ಪು ಮಾರಾಯ್ರೇ," ಎಂದು ಮ್ಯಾಕ್ಸಿಮ್ ಕರುಣಾಕರನ ಕಿವಿಯಲ್ಲಿ ಹಲ್ಲು ಕಡಿದರು.

ಅಷ್ಟರಲ್ಲಿ ಮೊಯ್ದಿನಬ್ಬ ಮೇಷ್ಟ್ರು ಎದ್ದು ನಿಂತರು. "ಇದು ಸರಿಯಲ್ಲ."

ಕರುಣಾಕರನಿಗೆ ಹೋದ ಜೀವ ಬಂತು. ಹಿರಿಯರು, ಊಟದ ಬೆಲೆ ತಿಳಿದವರು, ಇವರ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

"ನಮ್ಮನ್ನು ಹೊರಗಿಟ್ಟದ್ದು ಸರಿಯಲ್ಲ," ಎಂದರು ಮೇಷ್ಟ್ರು. "ರಂಜಾನ್ ಉಪವಾಸಕ್ಕೆ ನೀವೂ ನಮ್ಮ ಜೊತೆ ಸೇರಬೇಕು. ಸಂಜೆ ನಮ್ಮಲ್ಲೇ ಒಟ್ಟಿಗೆ ಉಪವಾಸ ಬಿಡುವ."

ಶರ್ಮಿಳಾ ಪುಸ್ತಕ ಬಿಚ್ಚಿ ಪೆನ್ನು ಹಿಡಿದಳು. "ಕರುಣಾಕರಣ್ಣ, ಮೊದಲ ಹೆಸರು ನಿಮ್ಮದು ಬರೆಯಲಾ? ಒತ್ತಾಯ ಎಂತದ್ದೂ ಇಲ್ಲ ಆಯ್ತಾ. ನಿಮಗೆ ಪೂರ್ಣ ಸ್ವಾತಂತ್ರ್ಯ ಉಂಟು."

ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಕುಶಲಾ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು.

"ಬರೆಯಿರಿ," ಎಂದ ಕರುಣಾಕರ.